ರೂಟರ್ ಗಲ್ಲಾದಲ್ಲಿ, ಬೈಗುಳ ಭಟ್ಟರಿಗೆ

ಭಾನುವಾರ ಬೆಳಗ್ಗೆ 9 ಗಂಟೆ. ಬೆಂಗಳೂರಿನ ಯಾವುದಾದರೂ ತುಂಬಿ ತುಳುಕೋ ಹೋಟೆಲಿಗೆ ಹೋಗಿ ಕೂತ್ಕೊಳ್ಳಿ. ಸಪ್ಲೈಯರ್ ಹುಡುಗ ಟ್ಯಾಬ್ ಒತ್ತಿ ಎರಡು ಮಸಾಲೆ, ಒಂದು ಖಾಲಿ ಅಂತ ಆರ್ಡರ್ ಕಳಿಸ್ತಾನೆ. ಇಪ್ಪತ್ತು ನಿಮಿಷ ಆದ್ರೂ ದೋಸೆ ಇಲ್ಲ. ನೀವು ಹುಡುಗನ ಮೇಲೆ ಹಾರಾಡ್ತೀರಿ, ಹುಡುಗ ಭಟ್ಟರ ಮೇಲೆ. ಭಟ್ಟರು ‘ಚೀಟಿನೇ ಬಂದಿಲ್ವಲ್ಲ ಮಾರಾಯ’ ಅಂತಾರೆ. ಅವರು ಹೇಳೋದು ಸತ್ಯ. ಆದರೆ ಸಾಹುಕಾರರ ಲೆಕ್ಕದಲ್ಲಿ ತಪ್ಪು ಯಾವತ್ತೂ ಒಳಗಿನವರದ್ದೇ.

ಹೋಟೆಲುಗಳಿಗೆ ಕೇಬಲ್ ಎಳೆದು ವೈಫೈ ಕೂರಿಸೋದೇ ನನ್ನ ಹೊಟ್ಟೆಪಾಡು. ಹೋದಲ್ಲೆಲ್ಲ ಅದೇ ಕಥೆ. ರೂಟರ್ ಎಲ್ಲಿರುತ್ತೆ? ಗಲ್ಲಾದ ಪಕ್ಕ, ಲಕ್ಷ್ಮಿ ಫೋಟೋ ಹಿಂದೆ. ಯಾಕಂದ್ರೆ ಇಂಟರ್‌ನೆಟ್ ವೈರು ಅಲ್ಲಿಗೆ ಬಂದಿದೆ, ಸಾಹುಕಾರರ ಫೋನಿಗೂ ಚೆನ್ನಾಗಿ ಸಿಗುತ್ತೆ. ಅಲ್ಲಿಂದ ದೋಸೆಕಲ್ಲಿನ ತನಕ ನಡೆದು ನೋಡಿ. ನಡುವೆ ಒಂದು ಗೋಡೆ, ಆಳೆತ್ತರದ ಸ್ಟೀಲ್ ಫ್ರಿಜ್ಜು, ಸ್ಟೀಲ್ ಟೇಬಲ್ಲು, ಪಾತ್ರೆ ಸ್ಟ್ಯಾಂಡು, ಒಲೆ ಮೇಲೆ ಹೊಗೆ ಎಳೆಯೋ ತಗಡಿನ ದೊಡ್ಡ ಹುಡ್ಡು. ರೇಡಿಯೋ ಅಲೆಗೆ ಸ್ಟೀಲ್ ಅಂದ್ರೆ ಬೆಳಕಿಗೆ ಕನ್ನಡಿ ಇದ್ದ ಹಾಗೆ. ಒಳಗೆ ಬಿಡಲ್ಲ, ವಾಪಸ್ ಎಸೆಯುತ್ತೆ.

ಸಾಲದ್ದಕ್ಕೆ ಮೈಕ್ರೋವೇವ್. ಅದು ಕೆಲಸ ಮಾಡೋದು 2,450 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, ವೈಫೈನ 2.4 ಗಿಗಾಹರ್ಟ್ಸ್ ಪಟ್ಟಿಯೂ ಅಲ್ಲೇ. ಒಲೆಯಿಂದ ಸೋರೋದು ಅತ್ಯಲ್ಪ, ಆರೋಗ್ಯಕ್ಕೇನೂ ಆಗಲ್ಲ. ಆದರೆ ಗೋಡೆ ದಾಟಿ ಸುಸ್ತಾಗಿ ಬಂದ ಸಿಗ್ನಲ್ಲು ಅದಕ್ಕಿಂತಲೂ ಅಲ್ಪ! 5 ಗಿಗಾಹರ್ಟ್ಸ್‌ಗೆ ಬದಲಾಯಿಸಿದ್ರೆ ಮೈಕ್ರೋವೇವ್ ಕಾಟ ತಪ್ಪುತ್ತೆ, ಆದರೆ ಅದಕ್ಕೆ ಗೋಡೆ ದಾಟೋ ಶಕ್ತಿ ಇನ್ನೂ ಕಮ್ಮಿ. ಅಂದ್ರೆ ಅಡುಗೆಮನೆಗೆ ಅದರದ್ದೇ ಒಂದು ಆಕ್ಸೆಸ್ ಪಾಯಿಂಟ್ ಬೇಕು, ಎಣ್ಣೆಹೊಗೆಯಿಂದ ದೂರ, ಸೂರಿನಲ್ಲಿ, ಹುಡ್ಡು ಅಡ್ಡ ಬರದ ಜಾಗದಲ್ಲಿ.

ಇದನ್ನ ಹೇಳಿದ್ರೆ ‘ಒಂದು ರಿಪೀಟರ್ ಹಾಕ್ಬಿಡಿ ಸಾರ್’ ಅಂತಾರೆ. ಹಾಕಿ ಹಾಕಿ, ಫ್ರಿಜ್ಜಿನ ಮೇಲೇ ಹಾಕಿ! ರಿಪೀಟರ್ ಅಂದ್ರೆ ತನಗೆ ಕೇಳಿಸಿದ್ದನ್ನ ಇನ್ನೊಮ್ಮೆ ಹೇಳೋದು. ಅದಕ್ಕೇ ಕೇಳಿಸದಿದ್ರೆ?

ಅದಿರಲಿ, ನಿಂತಲ್ಲೇ ನಿಂತಿರೋ ಪ್ರಿಂಟರಿಗೆ ವೈಫೈ ಯಾಕ್ರೀ? ಟ್ಯಾಬ್ ಓಡಾಡುತ್ತೆ, ಅದಕ್ಕೆ ಬೇಕು. ಚೀಟಿ ಮುದ್ರಿಸೋ ಪ್ರಿಂಟರು ಹೋಟೆಲು ಮುಚ್ಚೋ ತನಕ ಆ ಮೂಲೆ ಬಿಟ್ಟು ಕದಲಲ್ಲ. ಒಂದು ಈಥರ್ನೆಟ್ ಕೇಬಲ್ 100 ಮೀಟರ್ ತನಕ ಆರಾಮಾಗಿ ಓಡುತ್ತೆ. ಯಾವ ದರ್ಶಿನಿ ಅಷ್ಟು ಉದ್ದ ಇದೆ? ಮುಂದಿನ ಹಾಲಿಗೆ ಗ್ರಾನೈಟು, ತೂಗುದೀಪ ಹಾಕಿದವರಿಗೆ ಈ ಕೇಬಲ್ಲು ಬಂದಾಗ ಮಾತ್ರ ಬಜೆಟ್ಟು ನೆನಪಾಗುತ್ತೆ. ಪ್ರಿಂಟರನ್ನ ಒಲೆ ಪಕ್ಕ ಇಡೋ ಮಹಾನುಭಾವರೂ ಇದ್ದಾರೆ. ಥರ್ಮಲ್ ಪೇಪರಲ್ಲಿ ಅಕ್ಷರ ಮೂಡೋದೇ ಬಿಸಿಯಿಂದ. ಒಲೆ ಝಳಕ್ಕೆ ಇಡೀ ಚೀಟಿ ಕಪ್ಪಾದ ಮೇಲೆ ಭಟ್ಟರು ಏನು ಓದಬೇಕು?

ಪರೀಕ್ಷೆ ಮಾಡೋದೂ ಯಾವಾಗ ಅಂತೀರಿ? ಮಧ್ಯಾಹ್ನ 3 ಗಂಟೆಗೆ, ಖಾಲಿ ಅಡುಗೆಮನೆಯಲ್ಲಿ ನಿಂತು ‘ಫುಲ್ ಕಡ್ಡಿ ಇದೆ ನೋಡಿ’ ಅಂತ. ಭಾನುವಾರದ ರಶ್ಶಲ್ಲಿ ನಡುವೆ ಹತ್ತಾರು ಜನ ನಿಂತಿರ್ತಾರೆ, ಮನುಷ್ಯನ ಮೈಯಲ್ಲಿರೋ ನೀರೂ ಸಿಗ್ನಲ್ ನುಂಗುತ್ತೆ. ಗಿರಾಕಿಗಳ ಫ್ರೀ ವೈಫೈ ಬೇರೆ ಅದೇ ರೂಟರಲ್ಲಿ.

ಕಳೆದ ವರ್ಷ ಒಂದು ಹೋಟೆಲಿನವರು ಕರೆದಿದ್ರು. ತಪ್ಪಿಹೋದ ಆರ್ಡರುಗಳ ದುಡ್ಡನ್ನ ಸಪ್ಲೈಯರ್ ಹುಡುಗನ ಸಂಬಳದಲ್ಲಿ ಹಿಡಿದಿದ್ರು. ನಾನು ಮೊದಲು ಭಟ್ಟರ ಹತ್ತಿರ ಹೋಗಿ ‘ಚೀಟಿ ಎಲ್ಲಿ ಬಂದ್ರೆ ನಿಮಗೆ ಅನುಕೂಲ?’ ಅಂತ ಕೇಳಿದೆ. ಅವರು ಸುಮ್ಮನೆ ನನ್ನ ಮುಖ ನೋಡಿದ್ರು, ಅಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲವಂತೆ. ಅವರು ತೋರಿಸಿದ ಜಾಗಕ್ಕೆ ಕೇಬಲ್ ಎಳೆದು ಕೊಟ್ಟೆ. ಆಮೇಲೆ ಚೀಟಿ ತಪ್ಪಿಲ್ಲ. ಆ ಹುಡುಗನಿಂದ ಹಿಡಿದ ದುಡ್ಡು ಮಾತ್ರ ಇನ್ನೂ ಗಲ್ಲಾದಲ್ಲೇ ಇದೆ.