ಮೊದಲ ರಿಗ್: ಅಳತೆ ಕೊಟ್ಟು ಹೊಲಿಸಲೇಬೇಕೆ?

ಮೈಗೆ ತೊಡುವ ಹಾರ್ನೆಸ್, ಬೆನ್ನ ಮೇಲಿನ ಚೀಲ ಅಂದರೆ ಕಂಟೇನರ್, ಅದರೊಳಗಿನ ಮುಖ್ಯ ಪ್ಯಾರಾಚೂಟ್ (ಕನೋಪಿ), ಆಪತ್ತಿಗೆಂದು ಇರುವ ರಿಸರ್ವ್, ಇವೆಲ್ಲ ಸೇರಿದರೆ ರಿಗ್. ಅಮೆರಿಕದ ಡ್ರಾಪ್‌ಝೋನ್‌ಗಳಲ್ಲಿ ಸ್ಕೈಡೈವಿಂಗ್‌ನ ಮೊದಲ ಹಂತದ ಎ ಲೈಸೆನ್ಸ್ ಕೈಗೆ ಬಂದ ಮರುದಿನವೇ ಶುರುವಾಗುವ ಚರ್ಚೆ ಇದು. ಅಲ್ಲಿ ಸ್ಕೈಡೈವಿಂಗ್ ಮಾಡುವ ಇಬ್ಬರು ಕನ್ನಡಿಗರು ಒಂದೊಂದು ಪಕ್ಷ ವಹಿಸಿ ಬರೆದಿದ್ದಾರೆ.

ಪರ: ಹೌದು, ಹೊಲಿಸಲೇಬೇಕು

ಐದಡಿ ಎತ್ತರದ, 50 ಕೆ.ಜಿ. ತೂಕದ ಹೆಂಗಸು ಹಳೇ ರಿಗ್ ಹುಡುಕಲು ಹೊರಟರೆ ಏನಾಗುತ್ತದೆ ಎಂಬುದನ್ನು ಆ ಕಡೆಯವರು ಒಮ್ಮೆ ಜೊತೆಗೆ ಬಂದು ನೋಡಬೇಕು. ಮಾರಾಟಕ್ಕಿರುವ ಹಾರ್ನೆಸ್‌ಗಳಲ್ಲಿ ಹೆಚ್ಚಿನವು ಎತ್ತರದ ಗಂಡಸರಿಗೆ ಹೊಲಿದವು. ಅಪರೂಪಕ್ಕೆ ಅವಳ ಮೈಗೆ ಕೂರುವಂಥದ್ದು ಸಿಕ್ಕಿತೆನ್ನಿ. ಅದನ್ನು ಮಾರುತ್ತಿರುವವಳು ನೂರಾರು ಜಂಪ್ ಮಾಡಿ ಪಳಗಿದವಳು. ಅದರ ಕಂಟೇನರ್‌ನಲ್ಲಿ ಹಿಡಿಸುವುದು 107 ಚದರ ಅಡಿಯ ಕನೋಪಿ. 25 ಜಂಪ್ ಮುಗಿಸಿ ಈಗಷ್ಟೇ ಲೈಸೆನ್ಸ್ ಪಡೆದವಳಿಗೆ ಬೇಕಾದದ್ದು 150ರ ಆಸುಪಾಸಿನದು. ಚೀಲ ಹೊಂದಿದರೆ ಹಾರ್ನೆಸ್ ದೊಗಳೆ, ಹಾರ್ನೆಸ್ ಹೊಂದಿದರೆ ಚೀಲ ಚಿಕ್ಕದು. ಈ ಸಂಕಟಕ್ಕೆ ‘ಸ್ವಲ್ಪ ದೊಡ್ಡದಾದರೇನಮ್ಮಾ, ಸ್ಟ್ರಾಪ್ ಬಿಗಿ ಮಾಡ್ಕೋ’ ಎಂಬ ಸಲಹೆ ಎಲ್ಲ ಕಡೆ ಪುಕ್ಕಟೆ ಸಿಗುತ್ತದೆ.

ಬಿಗಿ ಮಾಡುವುದು ಯಾವುದನ್ನು? ಲೆಗ್ ಸ್ಟ್ರಾಪನ್ನು, ಚೆಸ್ಟ್ ಸ್ಟ್ರಾಪನ್ನು. ಹೆಗಲಿಂದ ಸೊಂಟದವರೆಗೆ ಇಳಿದು ಇಡೀ ಭಾರ ಹೊರುವ ಮೇನ್ ಲಿಫ್ಟ್ ವೆಬ್ ಇದೆಯಲ್ಲ, ಅದನ್ನು ವಿದ್ಯಾರ್ಥಿಗಳ ರಿಗ್‌ನಲ್ಲಿ ಏರಿಸಿ ಇಳಿಸಬಹುದು. ಸ್ವಂತಕ್ಕೆ ಕೊಳ್ಳುವ ರಿಗ್‌ಗಳಲ್ಲಿ ಸಾಮಾನ್ಯವಾಗಿ ಅದರ ಉದ್ದ ಕಾರ್ಖಾನೆಯಲ್ಲೇ ಹೊಲಿದು ಮುಗಿದಿರುತ್ತದೆ. ರವಿಕೆಯನ್ನೇ ಪಕ್ಕದ ಮನೆಯವಳ ಅಳತೆಗೆ ಹೊಲಿಸದ ನಾವು ಪ್ರಾಣ ಹಿಡಿದು ನಿಲ್ಲುವ ಪಟ್ಟಿಯನ್ನು ಯಾರದೋ ಅಳತೆಯಲ್ಲಿ ತೊಡಬೇಕಂತೆ!

ನೆಲದ ಮೇಲೆ ನಿಂತಾಗ ದೋಷ ಕಾಣುವುದೇ ಇಲ್ಲ. ಆಗ ರಿಗ್ಗಿನ ಭಾರ ನಮ್ಮ ಹೆಗಲ ಮೇಲೆ. ಕನೋಪಿ ಬಿಚ್ಚಿಕೊಂಡ ಕೂಡಲೇ ನಮ್ಮ ಭಾರ ಲೆಗ್ ಸ್ಟ್ರಾಪಿನ ಮೇಲೆ ಕೂರುತ್ತದೆ, ಹೆಚ್ಚುವರಿ ಉದ್ದವೆಲ್ಲ ಮೇಲಕ್ಕೆ ಸರಿಯುತ್ತದೆ. ಚೆಸ್ಟ್ ಸ್ಟ್ರಾಪ್ ಗಲ್ಲದ ಹತ್ತಿರ, ಕನೋಪಿಗೆ ಜೋಡಿಸುವ ರೈಸರ್ ಪಟ್ಟಿಗಳ ಬುಡದ ಉಂಗುರಗಳು ಕಿವಿಯ ಪಕ್ಕ. ಜೊತೆಗೇ ಮೇಲೆ ಹೋಗುವುದು ಎರಡು ಹಿಡಿಗಳು: ಬಲಕ್ಕೆ ಕೆಟ್ಟ ಕನೋಪಿಯನ್ನು ಕಳಚುವ ಕಟ್‌ಅವೇ, ಎಡಕ್ಕೆ ರಿಸರ್ವ್ ತೆರೆಯುವುದು. ಪ್ಯಾರಾಚೂಟ್ ಮಡಚಿ ರಿಪೇರಿ ಮಾಡುವ ನಮ್ಮ ರಿಗ್ಗರ್ ಕೊಠಡಿಯಲ್ಲಿ ಒಬ್ಬ ಹುಡುಗಿಯನ್ನು, ಅವಳು ಕೊಳ್ಳಬೇಕೆಂದಿದ್ದ ಹಳೇ ಹಾರ್ನೆಸ್ ತೊಡಿಸಿ, ತೊಲೆಗೆ ತೂಗುಹಾಕಿದ್ದನ್ನು ನೋಡಿದೆ. ಕಣ್ಣು ಮುಚ್ಚಿ ಹಿಡಿ ಹಿಡಿಯಮ್ಮ ಎಂದರು. ಅವಳ ಕೈ ಅಭ್ಯಾಸದಂತೆ ಪಕ್ಕೆಲುಬಿಗೆ ಹೋಯಿತು. ಹಿಡಿ ಅಲ್ಲಿರಲಿಲ್ಲ, ಗೇಣುದ್ದ ಮೇಲೆ, ಕಂಕುಳ ಹತ್ತಿರ ಮಡಚಿಕೊಂಡು ಕೂತಿತ್ತು. ಅವಳು ಬಟ್ಟೆ ತಡಕುತ್ತಲೇ ಇದ್ದಳು.

ಇದು ಆಕಾಶದಲ್ಲಿ, ಕನೋಪಿ ಗಿರಗಿರ ಸುತ್ತುವಾಗ ನಡೆದರೆ? ಎ ಲೈಸೆನ್ಸಿನವರು ಕನೋಪಿ ಕಳಚುವ ನಿರ್ಧಾರವನ್ನು 2,500 ಅಡಿ ಎತ್ತರಕ್ಕೆ ಇಳಿಯುವಷ್ಟರಲ್ಲಿ ಮಾಡಿ ಮುಗಿಸಬೇಕೆಂದು ಅಮೆರಿಕದ ಪ್ಯಾರಾಚೂಟ್ ಸಂಘ ಯು.ಎಸ್.ಪಿ.ಎ. ಹೇಳುತ್ತದೆ. ಆ ಹೊತ್ತಿಗೆ ಹುಡುಕಾಟಕ್ಕೆ ಪುರುಸೊತ್ತೆಲ್ಲಿ? ಕೂತ ಭಂಗಿಯಲ್ಲಿ ಹಾರುವವರಿಗೆ ಲೆಗ್ ಸ್ಟ್ರಾಪ್ ಮಂಡಿಯ ಕಡೆ ಜಾರುವುದು, ಕಂಟೇನರ್ ಬೆನ್ನ ಮೇಲೆ ಅತ್ತಿತ್ತ ಸರಿದು ಕನೋಪಿಯನ್ನು ಎಳೆದು ತೆಗೆಯುವ ಪೈಲಟ್ ಚೂಟಿನ ಹಿಡಿ ಕೈತಪ್ಪುವುದು, ಇವೆಲ್ಲ ಇದರ ಮೇಲೆ.

ದುಡ್ಡಿನ ಮಾತು ಬೇಡ. ಕನೋಪಿ ಹಳೆಯದು ಕೊಳ್ಳಿ, ರಿಸರ್ವ್ ಹಳೆಯದು ಕೊಳ್ಳಿ. ಅವು ನಮ್ಮ ತೂಕ ಕೇಳುತ್ತವೆಯೇ ಹೊರತು ಮೈಯ ಆಕಾರ ಕೇಳುವುದಿಲ್ಲ. ಇನ್ನು ಗೆಳೆಯರ ಕೈಯಲ್ಲಿ ಜಾಕೆಟ್ ಮೇಲೆಯೇ ಅಳತೆ ತೆಗೆಸಿ ಕಳಿಸುವವರಿದ್ದಾರೆ. ತಿಂಗಳುಗಟ್ಟಲೆ ಕಾದು ಬಂದ ಹೊಸ ಹಾರ್ನೆಸ್ಸೂ ಮೈಗೆ ಕೂರದೆ ವಾಪಸ್ ಹೋದದ್ದುಂಟು, ಒಂದಲ್ಲ ಎರಡಲ್ಲ. ಅದು ಅಳೆದವರ ತಪ್ಪು, ಹೊಲಿಸುವುದರ ತಪ್ಪಲ್ಲ.

ವಿರೋಧ: ಹಳೆಯದೇ ಸಾಕು

ಸಂಪಾದಕರು ಮೊನ್ನೆ ರಾತ್ರಿ ಫೋನ್ ಮಾಡಿ, ‘ನಿಮ್ಮದು ಹಳೇ ರಿಗ್ ಅಲ್ಲವೇ, ನೀವೇ ಬರೆಯಿರಿ’ ಎಂದರು. ಹೌದು, ನನ್ನದು ಹಳೆಯದೇ. ಆದ್ದರಿಂದ ಹೇಳಬೇಕಾದ್ದನ್ನು ಹೇಳುತ್ತೇನೆ.

ಮೊದಲನೆಯದು ಖರ್ಚು. ಪೂರ್ತಿ ಹೊಸ ರಿಗ್ ಏಳೆಂಟು ಸಾವಿರ ಡಾಲರಿಗೆ ಕಡಿಮೆ ಬರುವುದಿಲ್ಲ. ಅಷ್ಟು ಹಣ ಸುರಿದವರಿಗೆ ಆಮೇಲೆ ಹಾರಲು ಕಾಸಿರುವುದಿಲ್ಲ. ಎರಡನೆಯದು ಕಾಯುವಿಕೆ. ಆರ್ಡರ್ ಕೊಟ್ಟು ತಿಂಗಳುಗಟ್ಟಲೆ ಕೂರುವ ಬದಲು ಆ ಸೀಸನ್ನಿನಲ್ಲಿ ಹಾರುವುದು ಮೇಲು.

ಇನ್ನು ಮುಖ್ಯವಾದದ್ದು. ಹೊಸಬರ ಕನೋಪಿ ಬದಲಾಗುತ್ತಲೇ ಇರುತ್ತದೆ. 75 ಕೆ.ಜಿ. ಮನುಷ್ಯ ರಿಗ್ ಹೊತ್ತರೆ ಸುಮಾರು 190 ಪೌಂಡ್. ಪೌಂಡಿಗೆ ಒಂದು ಚದರ ಅಡಿಯಂತೆ 190ರ ಕನೋಪಿ. ಅನುಭವ ಬಂದ ಹಾಗೆ ಅದು 170, ಆಮೇಲೆ 150. ಕಂಟೇನರ್ ಮಾತ್ರ ಸಾಮಾನ್ಯವಾಗಿ ಒಂದು ಸೈಜಿನ ವ್ಯತ್ಯಾಸವನ್ನಷ್ಟೇ ತಡೆಯುತ್ತದೆ. 190ಕ್ಕೆಂದು ಹೊಲಿಸಿದ್ದರಲ್ಲಿ 150 ಇಟ್ಟರೆ ಚೀಲ ಸಡಿಲ, ಅದನ್ನು ಮುಚ್ಚಿ ಹಿಡಿಯುವ ಕ್ಲೋಸಿಂಗ್ ಲೂಪ್ ಬಿಗಿ ಉಳಿಯದಿದ್ದರೆ ಬೇಡದ ಹೊತ್ತಲ್ಲಿ ಕಂಟೇನರ್ ತೆರೆದುಕೊಳ್ಳುವ ಭಯ. ಅಲ್ಲಿಗೆ ಮೈಯಳತೆಗೆ ಹೊಲಿಸಿದ್ದನ್ನೂ ಮಾರಲೇಬೇಕು. ಕೊಳ್ಳುವವರು ನಮ್ಮಂಥವರೇ.

ಹಳೆಯದು ಉದ್ದವಾದರೆ ಗತಿಯಿಲ್ಲ ಎಂಬುದೂ ಸರಿಯಲ್ಲ. ತಯಾರಕರೋ ಮಾಸ್ಟರ್ ರಿಗ್ಗರೋ ಹೊಲಿಗೆ ಬಿಚ್ಚಿ ಮೇನ್ ಲಿಫ್ಟ್ ವೆಬ್ ಬದಲಾಯಿಸಿ ಕೊಡುತ್ತಾರೆ. ರಿಸರ್ವ್ ಮಡಚುವ ಸೀನಿಯರ್ ರಿಗ್ಗರ್‌ಗೆ ಅಮೆರಿಕದ ಕಾನೂನಿನಲ್ಲಿ ಆ ಅಧಿಕಾರವಿಲ್ಲ, ಇದನ್ನು ಕೇಳಿ ತಿಳಿದುಕೊಂಡೇ ಕೊಡಿ. ಕೆಲವು ನೂರು ಡಾಲರ್ ಬೀಳುತ್ತದೆ. ಹಳೇ ರಿಗ್ಗಿನ ಬೆಲೆಗೆ ಅದನ್ನೂ, ತಪಾಸಣೆಯ ಖರ್ಚನ್ನೂ, ರಿಸರ್ವ್ ಹೊಸದಾಗಿ ಮಡಚಿಸುವ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿದರೆ ಉಳಿತಾಯ ಅಂದುಕೊಂಡಷ್ಟು ಇರುವುದಿಲ್ಲ, ಒಪ್ಪುತ್ತೇನೆ, ಆದರೂ ಉಳಿಯುತ್ತದೆ.

ತೀರಾ ಕುಳ್ಳಗಿನವರು, ತೀರಾ ಉದ್ದದವರು, ತೊಡೆ ದಪ್ಪ ನಡು ಸಣ್ಣ ಇರುವವರು ಏನು ಮಾಡಬೇಕೆಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಅವರು ಹೊಲಿಸಿಕೊಳ್ಳಲಿ. ಉಳಿದವರು ಹಣ ಕೊಡುವ ಮುನ್ನ ರಿಗ್ಗರ್ ಹತ್ತಿರ ಹೋಗಿ, ಹಾರ್ನೆಸ್ ತೊಟ್ಟು, ಹತ್ತು ನಿಮಿಷ ತೂಗಿಕೊಂಡು ಎರಡೂ ಹಿಡಿಗಳನ್ನು ಮುಟ್ಟಿ ನೋಡಬೇಕು. ಮಾರುವವನು ದೂರದ ಊರಿನಲ್ಲಿದ್ದರೆ, ಮೊದಲು ನಿಮ್ಮ ರಿಗ್ಗರ್ ವಿಳಾಸಕ್ಕೆ ಕಳಿಸಲು ಹೇಳಿ. ಅದಕ್ಕೆ ಒಪ್ಪದವನ ರಿಗ್ ಎಷ್ಟೇ ಅಗ್ಗವಾದರೂ ಬೇಡ. ನಾನು ಕೂಡ ಮೂರು ರಿಗ್‌ಗಳನ್ನು ನೋಡಿ ಬಿಟ್ಟ ಮೇಲೆಯೇ ನನ್ನದನ್ನು ಕೊಂಡದ್ದು. ನನ್ನ ಎತ್ತರ ಐದಡಿ ಒಂಬತ್ತು ಇಂಚು, ಹಾಗಾಗಿ ಸಿಕ್ಕಿತು.