ಗುಜರಿಗೆ ಹಾಕುವ ಮುನ್ನ ಹಳೆಯ ಪೆನ್ಸಿಲನ್ನೊಮ್ಮೆ ನೋಡಿರಿ

ಉದ್ದಿಮೆ ನಿಂತಾಗ, ಅಂಗಡಿ ಕೈ ಬದಲಾದಾಗ ಅಥವಾ ಹಿರಿಯರು ವ್ಯವಹಾರದಿಂದ ನಿವೃತ್ತರಾದಾಗ ನಮ್ಮಲ್ಲಿ ಮೊದಲು ನಡೆಯುವ ಕೆಲಸವೆಂದರೆ ಹಳೆಯ ಸಾಮಾನುಗಳ ವಿಲೇವಾರಿ. ಯಂತ್ರಗಳಿಗೆ ಗಿರಾಕಿಗಳನ್ನು ಹುಡುಕುತ್ತೇವೆ, ಪೀಠೋಪಕರಣಗಳಿಗೆ ಬೆಲೆ ಕಟ್ಟುತ್ತೇವೆ. ಉಳಿದುದೆಲ್ಲ ತೂಕದ ಲೆಕ್ಕದಲ್ಲಿ ಮೋಡಕಾ ಅಂಗಡಿಗೆ ಹೋಗುತ್ತದೆ. ಮುದ್ರಣಕ್ಕೆ ಹೆಸರಾದ ನಮ್ಮ ಅವಳಿ ನಗರದಲ್ಲಿ ಆಫ್‌ಸೆಟ್ ಯಂತ್ರಗಳು ಬಂದ ಮೇಲೆ ಅಚ್ಚುಮೊಳೆಗಳು ಹೀಗೆಯೇ ತೂಕಕ್ಕೆ ಹೋದುದನ್ನು ಹಿರಿಯ ಮುದ್ರಕರೆಲ್ಲರೂ ಬಲ್ಲರು. ಅದೇ ದಾರಿಯಲ್ಲಿ ಸದ್ದಿಲ್ಲದೆ ಹೋಗುತ್ತಿರುವ ಇನ್ನೊಂದು ವಸ್ತುವಿನ ಕಡೆಗೆ ವ್ಯಾಪಾರಸ್ಥ ಹಾಗೂ ಉದ್ದಿಮೆದಾರ ಬಂಧುಗಳ ಗಮನ ಸೆಳೆಯುವುದು ಈ ಲೇಖನದ ಉದ್ದೇಶ. ಅದು ನಕ್ಷೆ ಬರೆಯಲೆಂದು ಜಪಾನಿನಲ್ಲಿ ತಯಾರಾದ ಹಳೆಯ ಪೆನ್ ಪೆನ್ಸಿಲ್.

ಪೆನ್ಸಿಲಿನಂಥ ಕ್ಷುಲ್ಲಕ ವಸ್ತುವಿಗೆ ವಾಣಿಜ್ಯ ಪತ್ರಿಕೆಯಲ್ಲಿ ಸ್ಥಳವೇಕೆ ಎಂದು ಕೆಲವರು ಕೇಳಬಹುದು. ಗಣಕಯಂತ್ರ ಬರುವ ಮುನ್ನ ಗದಗ-ಬೆಟಗೇರಿಯ ವರ್ಕ್‌ಶಾಪುಗಳಲ್ಲಿ, ಕಟ್ಟಡ ಗುತ್ತಿಗೆದಾರರ ಕಚೇರಿಗಳಲ್ಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಕಾಮಗಾರಿಗಳಲ್ಲಿ ಎಲ್ಲ ಕೆಲಸವೂ ಡ್ರಾಯಿಂಗ್ ಬೋರ್ಡಿನ ಮೇಲೆಯೇ ಆರಂಭವಾಗುತ್ತಿತ್ತು. ಗದುಗಿನ ನಾರಣಪ್ಪನು ತಾನು ಹಲಗೆ-ಬಳಪ ಹಿಡಿಯದೆ, ಬರೆದುದನ್ನು ಅಳಿಸದೆ ಕಾವ್ಯ ರಚಿಸಿದೆನೆಂದು ಹೇಳಿಕೊಂಡಿದ್ದಾನೆ. ಆ ಸಾಮರ್ಥ್ಯ ಮಹಾಕವಿಗೆ ಮಾತ್ರ ಸಾಧ್ಯ. ಬರೆದು, ಅಳೆದು, ಅಳಿಸಿ, ಮತ್ತೆ ಬರೆಯಬೇಕಾದ ನಮ್ಮ ನಕ್ಷೆಗಾರರಿಗೆ ಒಳ್ಳೆಯ ಪೆನ್ಸಿಲ್ ಅನಿವಾರ್ಯವಾಗಿತ್ತು.

ಜಪಾನಿನ ಈ ಉದ್ಯಮದ ಹಿನ್ನೆಲೆಯೂ ಸಣ್ಣ ಉದ್ದಿಮೆದಾರನ ಕಥೆಯೇ ಆಗಿದೆ. ಟೋಕಿಯೋ ನಗರದಲ್ಲಿ ಲೋಹದ ಕೆಲಸ ಮಾಡುತ್ತಿದ್ದ ಹಯಕಾವಾ ಟೊಕುಜಿ ಎಂಬವರು 1915ರಲ್ಲಿ ಲೋಹದ ಯಾಂತ್ರಿಕ ಪೆನ್ಸಿಲನ್ನು ರೂಪಿಸಿದರು. 1923ರ ಸೆಪ್ಟೆಂಬರ್ 1ರ ಭೀಕರ ಭೂಕಂಪದಲ್ಲಿ ಕಾರ್ಖಾನೆಯೂ ಹೋಯಿತು, ಹೆಂಡತಿ-ಮಕ್ಕಳೂ ಹೋದರು. ಸಾಲ ಕೊಟ್ಟವರ ಬಾಕಿ ತೀರಿಸಲು ಅವರು ಪೆನ್ಸಿಲ್ ಉದ್ಯಮವನ್ನೇ ಬಿಟ್ಟುಕೊಟ್ಟು ಒಸಾಕಾ ನಗರಕ್ಕೆ ಬಂದು ರೇಡಿಯೊ ತಯಾರಿಕೆಗೆ ತೊಡಗಿದರು. ಶಾರ್ಪ್ ಎಂಬ ಪ್ರಸಿದ್ಧ ಕಂಪನಿಗೆ ಹೆಸರು ಬಂದುದು ಆ ಪೆನ್ಸಿಲಿನಿಂದಲೇ. ಜಪಾನೀಯರು ಇಂದಿಗೂ ಪೆನ್ ಪೆನ್ಸಿಲನ್ನು ‘ಶಾರ್ಪ್’ ಎಂಬ ಹೆಸರಿನಿಂದಲೇ ಗುರುತಿಸುತ್ತಾರೆ.

ಎರಡನೆಯ ದೊಡ್ಡ ಹೆಜ್ಜೆ ಕಡ್ಡಿಗೆ ಸಂಬಂಧಿಸಿದ್ದು. ಗ್ರಾಫೈಟಿಗೆ ಜೇಡಿಮಣ್ಣು ಬೆರೆಸಿ ಮಾಡಿದ ಕಡ್ಡಿಯನ್ನು ತೀರ ತೆಳುವಾಗಿಸಿದರೆ ಮುರಿಯುತ್ತಿತ್ತು. ಮಣ್ಣಿನ ಬದಲು ರಾಳದಂಥ ಪಾಲಿಮರ್ ಬೆರೆಸಿ ಸುಟ್ಟ ಗಟ್ಟಿ ಕಡ್ಡಿಯನ್ನು, ಮುಂದೆ ಪೆಂಟೆಲ್ ಎಂದು ಹೆಸರಾದ ಕಂಪನಿಯು 1960ರಲ್ಲಿ 0.9 ಮಿ.ಮೀ. ದಪ್ಪದಲ್ಲಿ ಹೊರತಂದಿತು. ಅನಂತರ ಅದು 0.5 ಮತ್ತು 0.3 ಮಿ.ಮೀ.ಗೆ ಇಳಿಯಿತು. ಪದೇ ಪದೇ ಚೂಪು ಮಾಡುವ ಕೆಲಸ ತಪ್ಪಿತು, ಗೆರೆಯ ದಪ್ಪ ಆರಂಭದಿಂದ ಕೊನೆಯವರೆಗೆ ಒಂದೇ ಆಯಿತು. 1982ರಲ್ಲಿ ಆಟೋಕ್ಯಾಡ್ ತಂತ್ರಾಂಶ ಬಂದು, ಮುಂದಿನ ಎರಡು ದಶಕಗಳಲ್ಲಿ ಬೋರ್ಡುಗಳು ಮೂಲೆ ಸೇರುವವರೆಗೆ ಈ ಪೆನ್ಸಿಲುಗಳದೇ ಆಡಳಿತ. ನಮ್ಮ ದೇಶದಲ್ಲಿ ಬಳಕೆ ಸರಕುಗಳ ಆಮದಿನ ಮೇಲಿದ್ದ ಪ್ರಮಾಣ ನಿರ್ಬಂಧಗಳು ಪೂರ್ತಿಯಾಗಿ ತೆರವಾದದ್ದು 2001ರ ಏಪ್ರಿಲ್ 1ರಂದು. ಆದ್ದರಿಂದ ಅದಕ್ಕೂ ಹಿಂದಿನ ಜಪಾನಿ ಪೆನ್ಸಿಲ್ ನಮ್ಮ ಊರುಗಳಲ್ಲಿ ಸಿಕ್ಕರೆ, ಅದು ಅಂದು ಸುಲಭವಾಗಿ ದೊರೆತ ವಸ್ತುವಲ್ಲವೆಂದು ತಿಳಿಯಬೇಕು.

ಇನ್ನು ಗುರುತಿಸುವ ಬಗೆ. ಮೊದಲನೆಯದಾಗಿ ತುದಿಯನ್ನು ನೋಡಬೇಕು. ನಕ್ಷೆಯ ಪೆನ್ಸಿಲಿಗೆ ಸುಮಾರು 3ರಿಂದ 4 ಮಿ.ಮೀ. ಉದ್ದದ ನೇರವಾದ ಲೋಹದ ಕೊಳವೆ ಇರುತ್ತದೆ. ಪಟ್ಟಿಯ ಅಂಚಿಗೆ ಒತ್ತಿ ಹಿಡಿದಾಗ ಗೆರೆ ಆಚೀಚೆ ಸರಿಯಬಾರದೆಂಬುದೇ ಇದರ ಉದ್ದೇಶ. ಶಾಲಾ ಮಕ್ಕಳ ಪೆನ್ಸಿಲಿಗೆ ಸಾಮಾನ್ಯವಾಗಿ ಮೊನಚಾದ ಶಂಕುವಿನಂಥ ತುದಿ ಇರುತ್ತದೆ. ಕೊಳವೆ ಕೂದಲೆಳೆಯಷ್ಟು ಬಾಗಿದ್ದರೂ ಬೆಲೆ ಕುಸಿಯುತ್ತದೆ. ಎರಡನೆಯದಾಗಿ ಹಿಡಿ. ಲೇತ್ ಕೆಲಸ ಬಲ್ಲವರಿಗೆ ನರ್ಲಿಂಗ್ ಏನೆಂದು ಹೇಳಬೇಕಾಗಿಲ್ಲ; ಲೋಹದ ಹಿಡಿಯ ಮೇಲಿನ ಆ ಗೀರುಗಳು ಸಮನಾಗಿವೆಯೇ, ಸವೆದಿವೆಯೇ ಎಂಬುದನ್ನು ಬೆರಳೇ ಹೇಳುತ್ತದೆ. ಮೂರನೆಯದಾಗಿ, ಹಲವು ಮಾದರಿಗಳಲ್ಲಿ ಕಡ್ಡಿಯ ಗಡಸುತನವನ್ನು ಸೂಚಿಸುವ ಸಣ್ಣ ಕಿಂಡಿ ಇರುತ್ತದೆ. ತಿರುಗಿಸಿದರೆ 2ಎಚ್, ಎಚ್, ಎಫ್, ಎಚ್‌ಬಿ, ಬಿ ಎಂಬ ಅಕ್ಷರಗಳು ಕಾಣುತ್ತವೆ. ವಿವಿಧ ಗಡಸುತನದ ಕಡ್ಡಿಗಳ ಹಲವು ಪೆನ್ಸಿಲುಗಳನ್ನು ಒಟ್ಟಿಗೆ ಇಟ್ಟುಕೊಳ್ಳುತ್ತಿದ್ದ ನಕ್ಷೆಗಾರನಿಗಾಗಿಯೇ ಮಾಡಿದ ಅನುಕೂಲವಿದು. ನಾಲ್ಕನೆಯದಾಗಿ ಒಳಗಿನ ಹಿಡಿತ. ತುದಿಯ ಭಾಗವನ್ನು ಮೆಲ್ಲಗೆ ಬಿಚ್ಚಿದರೆ ಕಡ್ಡಿಯನ್ನು ಹಿಡಿಯುವ ಚಕ್ ಕಾಣುತ್ತದೆ. ಅದು ಹಿತ್ತಾಳೆಯದಾಗಿದ್ದು ಹಲ್ಲುಗಳು ಸರಿಯಾಗಿದ್ದರೆ ಪೆನ್ಸಿಲ್ ಇನ್ನೂ ಬಹುಕಾಲ ದುಡಿಯಬಲ್ಲದು.

ಬಣ್ಣಕ್ಕೂ ಅರ್ಥವಿದೆ. ಪೆಂಟೆಲ್ ಕಂಪನಿಯ ಪ್ರಸಿದ್ಧ ಮಾದರಿಗಳಲ್ಲಿ ಪಿ203 ಕಂದು, ಪಿ205 ಕಪ್ಪು, ಪಿ207 ನೀಲಿ, ಪಿ209 ಹಳದಿ. ಕೊನೆಯ ಅಂಕಿಯು ಕಡ್ಡಿಯ ದಪ್ಪವನ್ನು ಹೇಳುತ್ತದೆ: 0.3, 0.5, 0.7, 0.9. ಆದರೆ ಹೆಸರೊಂದನ್ನೇ ನೋಡಿ ಹಳೆಯದೆಂದು ತೀರ್ಮಾನಿಸಬಾರದು. ಪಿ205 ದಶಕಗಳಿಂದ ಹೆಚ್ಚು ಬದಲಾವಣೆಯಿಲ್ಲದೆ ತಯಾರಾಗುತ್ತಿದೆ, 1986ರಲ್ಲಿ ಬಂದ ಗ್ರಾಫ್ 1000 ಮಾದರಿಯದೂ ಅದೇ ಕಥೆ. ಸಂಗ್ರಾಹಕರು ಹೆಚ್ಚು ಬೆಲೆ ಕೊಡುವುದು ತಯಾರಿಕೆ ನಿಂತುಹೋದ ಮಾದರಿಗಳಿಗೆ. ಅದರಲ್ಲೂ ಮೂಲ ಪೆಟ್ಟಿಗೆ, ಬೆಲೆಚೀಟಿ, ಅಳಿಸದ ಮುದ್ರೆ ಇರುವವುಗಳಿಗೆ. ಆದಕಾರಣ ಹಳೆಯದು ಸಿಕ್ಕಿತೆಂದು ಹುಣಸೆಹಣ್ಣು ಹಚ್ಚಿ ಉಜ್ಜಬಾರದು. ಹೊಳಪು ಬರಬಹುದು, ಆದರೆ ಮೈಮೇಲಿನ ಅಕ್ಷರ ಹೋದರೆ ವಸ್ತುವಿನ ದಾಖಲೆಯೇ ಹೋದಂತೆ. ಒಣಬಟ್ಟೆ ಸಾಕು.

ಎರಡು ವರ್ಷಗಳ ಹಿಂದೆ ಹಿರಿಯ ಲೇಖನ ಸಾಮಗ್ರಿ ವ್ಯಾಪಾರಿಯೊಬ್ಬರ ಅಂಗಡಿಯ ಮುಕ್ತಾಯದ ಲೆಕ್ಕವನ್ನು ನಾನು ನೋಡಬೇಕಾಯಿತು. ದಾಸ್ತಾನು ಪಟ್ಟಿಯಲ್ಲಿ ‘ಇತರೆ, ಮಾರಾಟವಾಗದ್ದು’ ಎಂಬ ಒಂದೇ ಸಾಲಿನ ಕೆಳಗೆ ಒಂದು ಕಪಾಟಿನ ಸಾಮಾನೆಲ್ಲ ಅಡಗಿತ್ತು. ಅದರಲ್ಲಿ 0.3 ಮಿ.ಮೀ.ಯ ಪೆನ್ಸಿಲುಗಳ ಪೆಟ್ಟಿಗೆಯೂ ಇದ್ದಿತು. ಕಡ್ಡಿ ಬಹಳ ತೆಳುವೆಂದು ಅಂದು ಯಾರೂ ಕೊಂಡಿರಲಿಲ್ಲ. ಅವರ ಮಗನು ಒಂದೊಂದನ್ನೂ ಪರೀಕ್ಷಿಸಿ, ಪಟ್ಟಿ ಮಾಡಿ, ಬೆಂಗಳೂರಿನ ಸಂಗ್ರಾಹಕರಿಗೆ ಬಿಲ್ಲಿನ ಸಹಿತ ಮಾರಿದರು. ಬಂದ ಹಣ ದೊಡ್ಡದೇನಲ್ಲ. ಆದರೆ ಗುಜರಿಯವರು ಇಡೀ ಕಪಾಟಿಗೆ ಹೇಳಿದ್ದ ಬೆಲೆಗಿಂತ ಅದು ಹೆಚ್ಚಾಗಿತ್ತು.

ಇಲ್ಲಿ ಲೆಕ್ಕಪತ್ರದ ಮಾತೂ ಅವಶ್ಯಕ. ದಾಸ್ತಾನಿಗೆ ಮೂಲ ಬೆಲೆ ಅಥವಾ ನಿವ್ವಳ ಮಾರಾಟ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದನ್ನು ಹಿಡಿಯಬೇಕೆಂಬುದು ನಿಯಮ. ಮಾರುಕಟ್ಟೆಯಲ್ಲಿ ಬೆಲೆ ಏರಿದೆಯೆಂದು ಪುಸ್ತಕದಲ್ಲಿ ಏರಿಸಿಕೊಳ್ಳುವಂತಿಲ್ಲ. ಆದರೆ ಸೊನ್ನೆಗೆ ಇಳಿಸುವ ಮೊದಲು ಮಾರಾಟ ಮೌಲ್ಯ ನಿಜವಾಗಿ ಸೊನ್ನೆಯೇ ಎಂದು ವಿಚಾರಿಸುವ ಹೊಣೆ ನಮ್ಮದು. ವಿಚಾರಿಸದೆ ಬರೆದು ಹಾಕಿದ ಸೊನ್ನೆ ಲೆಕ್ಕವಲ್ಲ, ಆಲಸ್ಯ. ಮಾರಿದಾಗ ಬಂದ ಹಣವನ್ನು ಕಿರ್ದಿಯಲ್ಲಿ ತೋರಿಸಲೇಬೇಕು. ಉಪಯೋಗಿಸಿದ ವಸ್ತುಗಳ ವ್ಯಾಪಾರವನ್ನೇ ಮಾಡುವ ನೋಂದಾಯಿತ ವರ್ತಕರು, ಖರೀದಿಯ ಮೇಲೆ ಹೂಡುವಳಿ ತೆರಿಗೆಯ ಜಮೆ ಪಡೆಯದಿದ್ದಲ್ಲಿ, ಜಿಎಸ್‌ಟಿ ನಿಯಮ 32(5)ರ ಮೇರೆಗೆ ಕೇವಲ ಅಂತರದ ಮೊತ್ತದ ಮೇಲೆ ತೆರಿಗೆ ಕಟ್ಟುವ ಅವಕಾಶವಿದೆ. ಬಿಲ್ಲು ಬರೆಯುವವರು ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಪೆನ್ ಪೆನ್ಸಿಲ್ ಬರುವುದು 9608ರ ಶೀರ್ಷಿಕೆಯಡಿ, ಅದರ ಕಡ್ಡಿ ಬರುವುದು 9609ರಡಿ. ಬೆಲೆ ಇನ್ನೂ ಏರೀತೆಂಬ ಆಸೆಯಿಂದ ವ್ಯವಹಾರದ ಬಂಡವಾಳ ಹಾಕಿ ಇಂಥವನ್ನು ಕೊಂಡಿಡುವುದನ್ನು ನಾನು ಎಷ್ಟು ಮಾತ್ರಕ್ಕೂ ಸಲಹೆ ಮಾಡುವುದಿಲ್ಲ. ಗಿರಾಕಿಗಳು ಕಡಿಮೆ, ಅಭಿರುಚಿ ಬದಲಾಗುವಂಥದ್ದು.

ನಮ್ಮ ಸಣ್ಣ ಉದ್ದಿಮೆದಾರರಿಗೆ ನಿಜವಾದ ಪಾಠ ಇರುವುದು ಬೇರೆ ಕಡೆ. ಸಾಮಾನ್ಯ ಕೆಲಸದ ಸಾಧನವೊಂದು ಮೂವತ್ತು-ನಲವತ್ತು ವರ್ಷಗಳ ಮೇಲೆಯೂ ಬೆಲೆ ಉಳಿಸಿಕೊಂಡಿರುವುದು ಮೂರು ಕಾರಣಗಳಿಂದ: ಅಳತೆ ತಪ್ಪಿಲ್ಲ, ಯಾವ ಕಂಪನಿಯ ಕಡ್ಡಿಯಾದರೂ ಹೊಂದುವಂತೆ ದಪ್ಪ ಒಂದೇ ಪ್ರಮಾಣದ್ದು, ಮಾಡಿದವರ ಹೆಸರು, ದೇಶ, ಮಾದರಿ ಮೈಮೇಲೆಯೇ ಇದೆ. ನಮ್ಮ ಕಾರ್ಖಾನೆಗಳಿಂದ ಹೊರಡುವ ಎಷ್ಟು ವಸ್ತುಗಳ ಮೇಲೆ ತಯಾರಕರ ಹೆಸರೂ ‘ಗದಗ’ ಎಂಬ ಊರಿನ ಹೆಸರೂ ಇರುತ್ತವೆ? ಅನೇಕರು ಪರರ ಹೆಸರಿನಲ್ಲಿ ಮಾಲು ಮಾಡಿಕೊಟ್ಟು ಸುಮ್ಮನಾಗುತ್ತಾರೆ. ಒಸಾಕಾ ನಗರದಲ್ಲಿ 1905ರಲ್ಲಿ ಕುರೊಡಾ ಝೆಂಟಾರೊ ಎಂಬವರು ಲೆಕ್ಕದ ಪುಸ್ತಕಗಳಿಗೆ ರಟ್ಟು ಮಾಡುವ ಸಣ್ಣ ಅಂಗಡಿ ತೆರೆದರು. ಅದೇ ಕೊಕುಯೊ ಕಂಪನಿಯಾಗಿ ಬೆಳೆದು, ಮುಂಬಯಿಯಲ್ಲಿ 1931ರಲ್ಲಿ ಹುಟ್ಟಿದ ಕ್ಯಾಮ್ಲಿನ್ ಸಂಸ್ಥೆಯ ಬಹುಪಾಲನ್ನು 2011ರಲ್ಲಿ ಕೊಂಡಿತು. ಅದೇ 1905ರಲ್ಲಿ ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿ ದೇಶಕ್ಕೆ ದಾರಿ ತೋರಿದರು. ಆರಂಭದಲ್ಲಿ ನಾವು ಯಾರಿಗೂ ಹಿಂದಿರಲಿಲ್ಲ. ರಟ್ಟು ಕಟ್ಟುವ ಕೆಲಸವನ್ನು ನಮ್ಮ ಮುದ್ರಣಾಲಯಗಳೂ ಬಲ್ಲವು. ಮಾಡಿದ ವಸ್ತುವಿನ ಮೇಲೆ ತಮ್ಮ ಹೆಸರು ಹಾಕಿ, ಅದರ ಗುಣಮಟ್ಟಕ್ಕೆ ತಲೆಮಾರುಗಳವರೆಗೆ ಜವಾಬ್ದಾರರಾಗುವ ರೂಢಿಯನ್ನು ನಾವು ಬೆಳೆಸಿಕೊಳ್ಳಬೇಕಾಗಿದೆ.

ಕೊನೆಯದಾಗಿ ಒಂದು ಸಲಹೆ. ದೀಪಾವಳಿಗೆ ಅಂಗಡಿ, ಕಾರ್ಖಾನೆಗಳನ್ನು ಸ್ವಚ್ಛಗೊಳಿಸುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ಅದಕ್ಕೆ ಮುನ್ನ ವಾಣಿಜ್ಯೋದ್ಯಮ ಸಂಸ್ಥೆಯು ಒಂದು ದಿನ ಸದಸ್ಯರೆಲ್ಲರೂ ತಮ್ಮಲ್ಲಿರುವ ಹಳೆಯ ಪೆನ್ಸಿಲ್, ಅಳತೆಗೋಲು, ಕೈವಾರ ಪೆಟ್ಟಿಗೆ, ಮುದ್ರಣದ ಉಪಕರಣಗಳನ್ನು ತಂದು ತೋರಿಸುವ ವ್ಯವಸ್ಥೆ ಮಾಡಬೇಕು. ನಿವೃತ್ತ ನಕ್ಷೆಗಾರರನ್ನೂ ಹಿರಿಯ ಮುದ್ರಕರನ್ನೂ ಕರೆದರೆ ಯಾವುದು ಏನೆಂದು ಅವರು ಹೇಳಬಲ್ಲರು. ಮಾರುವವರು ಮಾರಲಿ, ಇಟ್ಟುಕೊಳ್ಳುವವರು ಇಟ್ಟುಕೊಳ್ಳಲಿ. ಎರಡನ್ನೂ ತಿಳಿದು ಮಾಡಲಿ. ಈ ಕುರಿತು ಸದಸ್ಯರು ತಮ್ಮ ಅಭಿಪ್ರಾಯಗಳನ್ನು ಸಂಪಾದಕರಿಗೆ ಬರೆದು ತಿಳಿಸಬೇಕೆಂದು ವಿನಂತಿ.