ನಿಲುವಂಗಿಗೆ ಅಳತೆ ಕೊಟ್ಟವರು ಯಾರು?

ಜೂನ್ ಬಂತು ಅಂದರೆ ನಮ್ಮ ಕಡೆ ಎರಡು ಕೆಲಸ. ಹೊಲಕ್ಕೆ ಆರು ಕಟ್ಟೋದು, ಹುಡುಗರಿಗೆ ಗಂಟು ಕಟ್ಟೋದು. ಅರಸೀಕೆರೆ ಜಂಕ್ಷನ್ನಿನಲ್ಲಿ ಬೆಂಗಳೂರು ಕಡೆಯ ರೈಲು ಬರುವ ಹೊತ್ತಿಗೆ ನಿಂತು ನೋಡಿ. ಎಣ್ಣೆ ಬಳಿದು ಬಾಚಿದ ತಲೆ, ಹೊಸ ಚಪ್ಪಲಿ, ಕೈಯಲ್ಲಿ ಹೊಸ ಬ್ಯಾಗು, ಪಕ್ಕದಲ್ಲಿ ಸೆರಗಿನಿಂದ ಮೂಗೊರೆಸಿಕೊಳ್ಳುವ ಅವ್ವ. ಹುಡುಗ ಗುರುಮಠಕ್ಕೆ ಹೊರಟಿದ್ದಾನೆ. ‘ಸ್ವಾಮಿಯಾಗಿ ಬತ್ತೀನಿ ಕಣವ್ವ’ ಅನ್ನುತ್ತಾನೆ. ಅವಳು ‘ಒಟ್ಟೆ ತುಂಬ ಉಣ್ಣಲಾ’ ಅನ್ನುತ್ತಾಳೆ. ಇಬ್ಬರೂ ಬೇರೆ ಬೇರೆ ಮಾತಾಡುತ್ತಿದ್ದಾರೆ ಅಂತ ರೈಲು ಹೊರಡುವವರೆಗೂ ಇಬ್ಬರಿಗೂ ಗೊತ್ತಾಗೋದಿಲ್ಲ.

ನಾವು ಅಂದರೆ ಯಾರು? ಅರಸೀಕೆರೆ, ಬೇಲೂರು, ಹಳೇಬೀಡಿನ ಆಸುಪಾಸಿನ ಕೇರಿಗಳಲ್ಲಿ ಹುಟ್ಟಿ ಮನೆಗೆ ಮೊದಲ ಡಿಗ್ರಿ ತಂದವರು. ನಮ್ಮಲ್ಲಿ ಕೆಲವರು ಭಾನುವಾರ ಬಲಿಪೂಜೆಗೆ ಹೋಗುತ್ತಾರೆ, ಕೆಲವರು ಮಾರಮ್ಮನ ಹಬ್ಬಕ್ಕೆ ತಮಟೆ ಹಿಡಿಯುತ್ತಾರೆ, ಕೆಲವರು ಬಾಬಾಸಾಹೇಬರ ಪಟದ ಮುಂದೆ ಬಿಟ್ಟು ಬೇರೆಲ್ಲೂ ಕೈ ಮುಗಿಯೋದಿಲ್ಲ. ಊರ ಹೋಟೆಲಿನವನು ಮೂವರನ್ನೂ ಒಂದೇ ಕಣ್ಣಿನಲ್ಲಿ ನೋಡಿದ್ದಾನೆ. ಆದ್ದರಿಂದ ನಾವು ನಾವೇ.

ಮೊದಲೇ ಒಂದು ಮಾತು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಕಡೆ ಚರ್ಚುಗಳ ಗಾಜು ಒಡೆದವರು ಈ ಬರಹವನ್ನು ಕತ್ತರಿಸಿ ಜೇಬಿಗಿಟ್ಟುಕೊಳ್ಳುವುದು ಬೇಡ. ಪಂಕ್ತಿಭೇದದ ಮಠಗಳನ್ನು ಎದೆಗವುಚಿಕೊಂಡವರಿಗೆ ಪರರ ಮನೆಯ ಜಾತಿ ಎಣಿಸುವ ಹಕ್ಕಿಲ್ಲ. ಅಗ್ರಹಾರ ನಮಗೆ ಅಕ್ಷರ ಕೊಡದಿದ್ದ ಕಾಲದಲ್ಲಿ ಮಿಶನ್ನಿನವರು ಸ್ಲೇಟು ಬಳಪ ಕೊಟ್ಟರು. ಅದನ್ನು ಮರೆಯುವಷ್ಟು ನಾವು ನೀಚರಲ್ಲ. ಆದರೆ ಋಣ ಇದೆ ಅಂತ ಬಾಯಿ ಮುಚ್ಚಿಕೊಂಡಿರೋದಕ್ಕೆ ನಾವು ಜೀತಕ್ಕಿದ್ದವರೂ ಅಲ್ಲ. ನಮ್ಮ ಜಗಳ ಒಳಮನೆಯದು.

ಸೆಮಿನರಿ ಅನ್ನುವ ಮಾತು ಹುಟ್ಟಿದ ಲ್ಯಾಟಿನ್ನಿನಲ್ಲಿ ಅದಕ್ಕೆ ಸಸಿ ಬೆಳೆಸುವ ಪಾತಿ ಅಂತ ಅರ್ಥ. ನಮ್ಮ ಮಾತಿನಲ್ಲಿ ಒಟ್ಲು. 1563ರಲ್ಲಿ ಟ್ರೆಂಟ್ ಮಹಾಸಭೆ ಪ್ರತಿ ಧರ್ಮಕ್ಷೇತ್ರಕ್ಕೂ ಇಂಥದೊಂದು ಒಟ್ಲು ಬೇಕೆಂದು ಕಟ್ಟಳೆ ಮಾಡಿತು. ಆ ಕಟ್ಟಳೆಯಲ್ಲೇ ಇನ್ನೊಂದು ಮಾತಿದೆ. ಮುಖ್ಯವಾಗಿ ಬಡವರ ಮಕ್ಕಳನ್ನು ಆರಿಸಬೇಕು; ಉಳ್ಳವರ ಮಕ್ಕಳು ಬೇಡವೆಂದಲ್ಲ, ತಮ್ಮ ಖರ್ಚಿನಲ್ಲಿ ಬರಲಿ. ಮಂಡಲ್ ವರದಿಗೆ ನಾಲ್ಕು ನೂರು ವರ್ಷ ಮೊದಲು, ಅದೂ ಯೂರೋಪಿನ ಬಿಷಪ್ಪರು ಬರೆದದ್ದು! ಇದನ್ನು ಓದಿದಾಗ ನಮಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ಆ ಕಟ್ಟಳೆ ಸಮುದ್ರ ದಾಟಿ ನಮ್ಮ ದೇಶಕ್ಕೆ ಬರುವಷ್ಟರಲ್ಲಿ ಬಡವರ ಮಕ್ಕಳು ಅನ್ನುವ ಜಾಗದಲ್ಲಿ ಯಾರು ಕೂತರು?

ಕನ್ನಡದಲ್ಲಿ ಒಟ್ಲಿಗೆ ‘ಗುರುಮಠ’ ಅಂತ ಹೆಸರಾಯಿತು. ಮಠ ಅನ್ನುವ ಮಾತು ಕಿವಿಗೆ ಬಿದ್ದ ಕೂಡಲೇ ನಮ್ಮ ಕಾಲು ತಾನಾಗಿ ಜಗಲಿಯಿಂದಾಚೆ ನಿಲ್ಲುತ್ತದೆ. ಹಾಗೆ ಹೆಸರಿಟ್ಟವರಿಗೆ ಕೆಟ್ಟ ಉದ್ದೇಶವಿತ್ತು ಅಂತ ನಾವು ಹೇಳುತ್ತಿಲ್ಲ. ದಾರಿ ಮೊದಲೇ ಹಾಗೆ ಬಿದ್ದಿತ್ತು. 17ನೇ ಶತಮಾನದಲ್ಲಿ ಮಧುರೆಗೆ ಬಂದ ರಾಬರ್ತೊ ದೆ ನೊಬಿಲಿ ಕಾವಿ ಉಟ್ಟು, ಜನಿವಾರ ಹಾಕಿ, ಸಸ್ಯಾಹಾರ ತಿಂದು ‘ರೋಮಾಪುರಿಯ ಬ್ರಾಹ್ಮಣ’ನಾದ. ಅವನಿಗೆ ಕೇರಿಯ ಕಡೆ ಹಗಲು ಹೊತ್ತು ಬರಲಾಗಲಿಲ್ಲ; ಬಂದರೆ ಮೇಲಿನವರು ಬಿಟ್ಟುಹೋಗುತ್ತಾರೆ. ಅದಕ್ಕೆ 1640ರಿಂದ ಕೆಳಜಾತಿಯವರಿಗೆಂದೇ ‘ಪಂಡಾರಸ್ವಾಮಿ’ಗಳು ಬೇರೆಯಾದರು. ಮೇಲಿನವರಿಗೊಬ್ಬ ಪಾದ್ರಿ, ಕೆಳಗಿನವರಿಗೊಬ್ಬ ಪಾದ್ರಿ. 1744ರಲ್ಲಿ ಪೋಪ್ ಹದಿನಾಲ್ಕನೇ ಬೆನೆಡಿಕ್ಟ್, ಹೊಲೆಯರ ಗುಡಿಸಿಲಿಗೆ ಹೋಗಿ ಸಾಯುವವನಿಗೆ ಸಂಸ್ಕಾರ ಕೊಡಿ ಎಂದು ಆಜ್ಞೆ ಮಾಡಬೇಕಾಯಿತು. ಯೇಸುವಿನ ಹೆಸರಿನಲ್ಲಿ ಸಮುದ್ರ ದಾಟಿ ಬಂದವರಿಗೆ ಊರ ಬಾಗಿಲಿನಿಂದ ಕೇರಿ ಬಾಗಿಲಿಗೆ ಬರುವುದಕ್ಕೆ ರೋಮಿನಿಂದ ಆಜ್ಞೆ! ಆಗಲೂ ಮಾಡಿದ್ದೇನು? ಕೇರಿಗೆಂದು ಪಾದ್ರಿಗಳನ್ನು ಇನ್ನೂ ಸ್ಪಷ್ಟವಾಗಿ ಬೇರೆ ಮಾಡಿಟ್ಟರು.

ಇದೆಲ್ಲ ತಮಿಳು ಸೀಮೆಯ ಕತೆ ಅನ್ನಬೇಡಿ. ನಮ್ಮ ಹಾಸನಕ್ಕೇ ಬನ್ನಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಇಲ್ಲಿನ ಸಾಥಳ್ಳಿಯಲ್ಲಿ ಕ್ರೈಸ್ತ ಒಕ್ಕಲುಗಳನ್ನು ನೆಲೆಗೊಳಿಸಿದ. ಸಿಡುಬಿಗೆ ಲಸಿಕೆ ಹಾಕಿಸಿದ. ಅದು ದೊಡ್ಡ ಕೆಲಸ, ಒಪ್ಪೋಣ. ನಮ್ಮವರ ಹಾಗೆ ಉಟ್ಟು, ನಮ್ಮವರ ಹಾಗೆ ಉಂಡ ಅಂತ ಅವನನ್ನು ಹೊಗಳುತ್ತಾರೆ. ಯಾವ ನಮ್ಮವರ ಹಾಗೆ? ಅವನು ಬರೆದ ಹಿಂದೂ ಆಚಾರ ವಿಚಾರಗಳ ದಪ್ಪ ಪುಸ್ತಕವನ್ನು ಈಸ್ಟ್ ಇಂಡಿಯಾ ಕಂಪನಿ ದುಡ್ಡು ಕೊಟ್ಟು ಕೊಂಡುಕೊಂಡಿತು. ಅದರಲ್ಲಿ ಜಾತಿ ಪದ್ಧತಿ ಹಿಂದೂ ಶಾಸನಕಾರರ ಜಾಣತನದ ಮೇರುಕೃತಿ. ಅದಿಲ್ಲದಿದ್ದರೆ ಈ ದೇಶ ಕಾಡಾಗುತ್ತಿತ್ತು ಅನ್ನುವುದು ಅವನ ವಾದ. ನಮ್ಮ ಬಗ್ಗೆ ಬರೆದ ಪುಟಗಳನ್ನು ನಮ್ಮ ಅಜ್ಜಿಗೆ ಓದಿ ಹೇಳುವ ಧೈರ್ಯ ನಮಗಿಲ್ಲ. 1823ರಲ್ಲಿ ಅವನು ಊರಿಗೆ ವಾಪಸು ಹೊರಟ. ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವ ಕೆಲಸ ಆಗದ ಮಾತು ಅಂತ ಅದೇ ವರ್ಷ ಪುಸ್ತಕವನ್ನೂ ಪ್ರಕಟಿಸಿದ. ಅಗ್ರಹಾರದ ಬಾಗಿಲು ತಟ್ಟಿ ತಟ್ಟಿ ಸುಸ್ತಾದ ಸ್ವಾಮಿ, ಕೇರಿಯಲ್ಲಿ ಬಾಗಿಲೇ ಇರಲಿಲ್ಲವಲ್ಲ!

ಈಗ ಕಾಲ ಬದಲಾಗಿದೆ ಅನ್ನುತ್ತೀರಿ. ನೋಡೋಣ. ಎರಡನೇ ವ್ಯಾಟಿಕನ್ ಮಹಾಸಭೆಯಾದ ಮೇಲೆ ಲ್ಯಾಟಿನ್ ಹೋಯಿತು, ಕನ್ನಡ ಬಂತು, ಪೀಠ ಜನರ ಕಡೆ ತಿರುಗಿತು. 1969ರಲ್ಲಿ ಪೂಜೆಯನ್ನು ಭಾರತೀಯಗೊಳಿಸುವ 12 ಅಂಶಗಳಿಗೆ ರೋಮ್ ಒಪ್ಪಿಗೆ ಕೊಟ್ಟಿತು. ಮೇಣದ ಬತ್ತಿಯ ಬದಲು ದೀಪ, ಆರತಿ, ಅಂಜಲಿ, ಪಂಚಾಂಗ ಪ್ರಣಾಮ, ಹೆಗಲಿಗೆ ಶಾಲು. ಗುರುಮಠಗಳಲ್ಲಿ ಭಾರತೀಯ ತತ್ವಶಾಸ್ತ್ರ ಅಂತ ಉಪನಿಷತ್ತು, ಶಂಕರ, ರಾಮಾನುಜ. ಚೆನ್ನಾಗಿದೆ. ನಮ್ಮ ಪ್ರಶ್ನೆ ಒಂದೇ. ಭಾರತ ಅಂದರೆ ನಿಮಗೆ ಗರ್ಭಗುಡಿಯೊಂದೇ ಕಂಡಿತೆ? ಆರತಿ ಒಳಗೆ ಬಂತು, ತಮಟೆ ಯಾಕೆ ಹೊರಗೆ ನಿಂತಿತು? ಶಂಕರ ಬಂದ, ಮಂಟೇಸ್ವಾಮಿ ಯಾಕೆ ಬರಲಿಲ್ಲ? ಮಾದಾರ ಚೆನ್ನಯ್ಯನ ಅಂಬಲಿಗೆ ನಿಮ್ಮ ಪೀಠದ ಮೇಲೆ ಜಾಗವಿಲ್ಲವೆ?

ಬೇಲೂರಿನ ಚೆನ್ನಕೇಶವನಿಗೆ ಪಾದರಕ್ಷೆ ಹೊಲಿದವರು ಮಾದಿಗರು. ಬಿ. ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಇದನ್ನು ದಾಖಲಿಸಿದ್ದಾರೆ: ದೇವರು ಕನಸಿನಲ್ಲಿ ಬಂದು ಹೇಳುತ್ತಾನಂತೆ, ಹೊಲಿದು ತಂದವರಿಗೆ ಗುಡಿಯ ಅಂಗಳದವರೆಗೆ ಬಿಡುತ್ತಿದ್ದರಂತೆ. ಕನಸಿನೊಳಕ್ಕೆ ಬರುವ ದೇವರು ಗುಡಿಯೊಳಕ್ಕೆ ಕರೆಯಲಾರ! ನಾವು ಚಿಕ್ಕವರಿದ್ದಾಗ ಈ ಕತೆ ಕೇಳಿ ಹೆಮ್ಮೆಪಟ್ಟಿದ್ದೆವು. ಡಿಗ್ರಿ ಓದುವಾಗ ನಾಚಿಕೆಯಾಯಿತು. ಪಾದ್ರಿಯಾಗಲು ಹೊರಟ ನಮ್ಮ ಹುಡುಗನ ಕತೆಯೂ ಇದೇ ಆಗುತ್ತಿದೆಯೇನೋ ಅಂತ ಈಗ ಅಳುಕು. ಚರ್ಚಿನ ಬೆಂಚು ತುಂಬಿಸುವವರು ನಾವು, ನಿಲುವಂಗಿಯ ಅಳತೆ ಇನ್ನೊಬ್ಬರದು.

ಇದು ನಮ್ಮ ಹೊಟ್ಟೆಕಿಚ್ಚಿನ ಮಾತಲ್ಲ. ಭಾರತದ ಕೆಥೋಲಿಕ ಬಿಷಪ್ಪರ ಮಂಡಳಿಯೇ 2016ರ ಡಿಸೆಂಬರಿನಲ್ಲಿ ಹೊರಡಿಸಿದ ದಲಿತ ಸಬಲೀಕರಣ ನೀತಿಯಲ್ಲಿ, ಧರ್ಮಸಭೆಯೊಳಗೆ ಅಸ್ಪೃಶ್ಯತೆ ಇದೆ, ದಲಿತರು ಬಹುಸಂಖ್ಯೆಯಲ್ಲಿದ್ದರೂ ನಾಯಕತ್ವದಲ್ಲಿ ಕಡಿಮೆ ಎಂದು ಒಪ್ಪಿಕೊಂಡಿದೆ. 2022ರಲ್ಲಿ ಹೈದರಾಬಾದಿನ ಆಂಥೊನಿ ಪೂಲ ಕಾರ್ಡಿನಲ್ ಆದರು, ದಲಿತರಲ್ಲಿ ಮೊದಲನೆಯವರು. ಸಂತೋಷಪಟ್ಟೆವು. ಆದರೆ ಈ ನೆಲದಲ್ಲಿ ಚರ್ಚು ಕಟ್ಟಿ ಎಷ್ಟು ಶತಮಾನವಾಯಿತು ಅಂತ ಬೆರಳು ಮಡಚಿದಾಗ ಸಂತೋಷ ಗಂಟಲಲ್ಲೇ ನಿಂತಿತು.

ಈಗ ಒಬ್ಬ ಹುಡುಗನ ವಿಷಯ. ಹೆಸರು ಬೇಡ, ಅವನು ಓದಿದ ಗುರುಮಠದ ಹೆಸರೂ ಬೇಡ. ಒಂದನ್ನು ಹೇಳಿದರೆ ಉಳಿದವು ಬಚಾವಾಗುತ್ತವೆ. ನಮ್ಮ ಜೊತೆ ಏಳನೇ ಕ್ಲಾಸಿನವರೆಗೆ ಓದಿದವನು. ನಮ್ಮೆಲ್ಲರಿಗಿಂತ ಚೆನ್ನಾಗಿ ತಮಟೆ ಬಡಿಯುತ್ತಿದ್ದ. ಮೊದಲ ರಜಕ್ಕೆ ಬಂದಾಗ ದುಂಡಗಾಗಿದ್ದ, ಎಲ್ಲರಿಗೂ ಖುಷಿ. ಎರಡನೇ ಸಲ ಬಂದಾಗ ‘ಬತ್ತೀನಿ’ ಹೋಗಿ ‘ಬರುತ್ತೇನೆ’ ಆಗಿತ್ತು. ಮೂರನೇ ಸಲ ಅವನ ಅವ್ವ ದನದ ಮಾಂಸ ಬೇಯಿಸಿಟ್ಟಿದ್ದಳು. ಅಲ್ಲಿನ ಗೆಳೆಯನೊಬ್ಬ ಜೊತೆಯಲ್ಲಿ ಬರುತ್ತಾನೆ ಅಂತ ಗೊತ್ತಾಗಿ ಅವನೇ ಪಾತ್ರೆಯನ್ನು ಪಕ್ಕದ ಮನೆಗೆ ಸಾಗಿಸಿದ. ಅವ್ವ ಏನೂ ಅನ್ನಲಿಲ್ಲ. ಪಾತ್ರೆ ತೊಳೆದಳು.

ತತ್ವಶಾಸ್ತ್ರ ಎರಡು ವರ್ಷ, ದೈವಶಾಸ್ತ್ರ ನಾಲ್ಕು ವರ್ಷ, ಆರಕ್ಕೆ ಕಡಿಮೆ ಇಲ್ಲ. ಇದು 1983ರ ಧರ್ಮಸಭಾ ಸಂಹಿತೆಯ 250ನೇ ವಿಧಿ. ಅದಕ್ಕೆ ಮುಂಚೆ ತಯಾರಿಯ ವರ್ಷ, ನಡುವೆ ಸೇವೆಯ ವರ್ಷ, ಎಲ್ಲ ಸೇರಿ ಹತ್ತರ ಮೇಲೆ. ಎಲ್ಲವೂ ಇಂಗ್ಲಿಷಿನಲ್ಲಿ. ಹಿಂದಿನ ವಿಧಿಯನ್ನೂ ಸ್ವಲ್ಪ ಓದಿ. 249ನೆಯದು: ಗುರು ಅಭ್ಯರ್ಥಿಗಳಿಗೆ ಅವರ ಸ್ವಂತ ಭಾಷೆಯನ್ನು ಚೆನ್ನಾಗಿ ಕಲಿಸಬೇಕು. ಕಲಿಸಿದರೆ? ಅವನಿಗೆ ಅಕ್ವಿನಾಸ್ ಗೊತ್ತು, ಕಾಂಟ್ ಗೊತ್ತು. ದಲಿತ ಅನ್ನುವ ಮಾತು ಪರೀಕ್ಷೆಗೆ ಒಂದು ಪಾಠ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಎಂಬ ಪ್ರೊಟೆಸ್ಟಂಟ್ ಮೇಷ್ಟ್ರು ಎದ್ದು ನಿಂತು, ನಿಮ್ಮ ಭಾರತೀಯ ದೈವಶಾಸ್ತ್ರವೆಲ್ಲ ಬ್ರಾಹ್ಮಣರದಾಯಿತು ಎಂದು ಕೇಳಿದ್ದರಿಂದ ಆ ಪಾಠವಾದರೂ ಹುಟ್ಟಿತು. ಅಂಬೇಡ್ಕರ್ ಮತಾಂತರಿಯ ಸ್ಥಿತಿಗತಿಯ ಬಗ್ಗೆ ಬರೆದದ್ದು 1989ರಲ್ಲಿ ಅವರ ಬರಹಗಳ ಐದನೇ ಸಂಪುಟದಲ್ಲಿ ಅಚ್ಚಾಯಿತು. ನಮ್ಮ ಹುಡುಗನಿಗೆ ಅದನ್ನು ತೋರಿಸಿದ್ದು ನಾವು, ಅರಸೀಕೆರೆಯ ಟೀ ಅಂಗಡಿಯಲ್ಲಿ.

ಎಂಟನೇ ವರ್ಷದಲ್ಲಿ ಅವನಿಗೆ ‘ಕರೆ ಇಲ್ಲ’ ಅಂದರು. ಕಾರಣ ಕೇಳಿದರೆ ಹೊಂದಾಣಿಕೆ ಸಾಲದು ಅಂದರಂತೆ. ದೇವರ ಕರೆ ಎಂಟು ವರ್ಷ ಇದ್ದು ಒಂದು ಮಧ್ಯಾಹ್ನ ನಿಂತುಹೋಯಿತು. ಎಲ್ಲರೂ ಪಾದ್ರಿಯಾಗಲೇಬೇಕು ಅಂತ ನಾವು ಹೇಳುವುದಿಲ್ಲ. ಸಸಿ ಕಿತ್ತ ಮೇಲೆ ಅದಕ್ಕೊಂದು ಗದ್ದೆ ಬೇಡವೆ? ಕೈಯಲ್ಲಿದ್ದ ತತ್ವಶಾಸ್ತ್ರದ ಕಾಗದವನ್ನು ಕೆಲಸದ ಅರ್ಜಿಗೆ ಯಾವ ಕಚೇರಿಯೂ ಮೂಸಲಿಲ್ಲ. ಪರಿಶಿಷ್ಟ ಜಾತಿ ಅಂತ ಬರೆಯೋಣ ಅಂದರೆ 1950ರ ರಾಷ್ಟ್ರಪತಿ ಆದೇಶ ಅಡ್ಡ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ತೆರೆದ ಆ ಬಾಗಿಲು ಕ್ರೈಸ್ತರಿಗೆ ತೆರೆದಿಲ್ಲ. ಊರಿಗೆ ಅವನು ಹೊಲೆಯ, ಸರ್ಕಾರಕ್ಕೆ ಕ್ರೈಸ್ತ, ಚರ್ಚಿಗೆ ಹೊಂದಾಣಿಕೆ ಸಾಲದವನು.

ಹಾಗಾದರೆ ಈ ಒಟ್ಲಿನಲ್ಲಿ ಒಳ್ಳೆ ಪೈರು ಬರುವುದೇ ಇಲ್ಲವೆ? ಬರುತ್ತದೆ. ಸ್ಟ್ಯಾನ್ ಸ್ವಾಮಿ ಕೂಡ ಇಂಥ ತರಬೇತಿಯಿಂದಲೇ ಬಂದವರು. ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿ ವರ್ಷಗಟ್ಟಲೆ ಕೆಲಸ ಮಾಡಿದರು. ಆಮೇಲೆ ಜಾರ್ಖಂಡಿನ ಆದಿವಾಸಿಗಳ ನಡುವೆ ಹೋಗಿ ಕೂತರು. 2020ರ ಅಕ್ಟೋಬರಿನಲ್ಲಿ 83ರ ಮುದುಕನನ್ನು ಹಿಡಿದೊಯ್ದರು. ನೀರು ಕುಡಿಯುವ ನಳಿಕೆಗೂ ಅರ್ಜಿ ಹಾಕಿಸಿದರು. 2021ರ ಜುಲೈ 5ರಂದು ಬಂಧನದಲ್ಲೇ ಸತ್ತರು. ಅವರು ಅಂಥವರಾದದ್ದು ತರಗತಿಯಲ್ಲೋ ಆದಿವಾಸಿಗಳ ಹಟ್ಟಿಯಲ್ಲೋ ಅಂತ ಗುರುಮಠದ ಮೇಷ್ಟ್ರುಗಳು ಯೋಚಿಸಲಿ. ಕುರುಬನಿಗೆ ಕುರಿಯ ವಾಸನೆ ಹತ್ತಿರಬೇಕು ಅಂತ ಪೋಪ್ ಫ್ರಾನ್ಸಿಸ್ 2013ರಲ್ಲಿ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮ ಹುಡುಗನಿಗೆ ಆ ವಾಸನೆ ಹುಟ್ಟಿನಿಂದಲೇ ಇತ್ತು. ಎಂಟು ವರ್ಷ ಸೋಪು ಹಾಕಿ ತೊಳೆದವರು ಯಾರು?

ನಾವು ಕೇಳೋದು ದೊಡ್ಡದೇನಲ್ಲ. ಹೇಗೂ ನಡುವೆ ಒಂದು ಸೇವೆಯ ವರ್ಷ ಇದೆ. ಅದನ್ನು ಕಾನ್ವೆಂಟ್ ಶಾಲೆಯ ಆಫೀಸಿನಲ್ಲೋ ಹಾಸ್ಟೆಲಿನ ವಾರ್ಡನ್ ಕುರ್ಚಿಯಲ್ಲೋ ಕಳೆಸಬೇಡಿ. ಬೇಲೂರು ಕಡೆಯ ಕಾಫಿ ತೋಟದ ಲೈನು ಮನೆಯಲ್ಲಿ ಇರಿಸಿ, ಕೂಲಿಯ ಲೆಕ್ಕ ಬರೆಯಲಿ. 1979ರಲ್ಲಿ ಗೊರೂರಿನ ಅಣೆಕಟ್ಟು ಎದ್ದ ಮೇಲೆ ಶೆಟ್ಟಿಹಳ್ಳಿಯ ಚರ್ಚು ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುತ್ತದೆ. ಬೆಂಗಳೂರಿನಿಂದ ಬಂದವರು ಅದರ ಮುಂದೆ ಮದುವೆ ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಹಿನ್ನೀರಿನಿಂದ ಎದ್ದುಹೋದವರಲ್ಲಿ ಯಾರಿಗೆ ಭೂಮಿ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಅಂತ ಮನೆ ಮನೆಗೆ ಹೋಗಿ ಕೇಳಲಿ, ಅದೇ ಒಂದು ವರ್ಷದ ದೈವಶಾಸ್ತ್ರ. ಪಾಠ ಕನ್ನಡದಲ್ಲಿ ಆಗಲಿ. ಹುಡುಗನನ್ನು ಮನೆಗೆ ಕಳಿಸುವಾಗ ಕಾರಣವನ್ನು ಬರೆದು ಕೊಡಿ, ಜೊತೆಗೆ ಜಗತ್ತು ಒಪ್ಪುವ ಒಂದು ಪದವಿ ಕೊಡಿ. ದಲಿತ ಹುಡುಗರು ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ದೀಕ್ಷೆ ಪಡೆದರು, ಎಷ್ಟು ಮಂದಿ ವಾಪಸು ಬಂದರು ಅನ್ನುವ ಲೆಕ್ಕವನ್ನು ವರ್ಷಕ್ಕೊಮ್ಮೆ ಚರ್ಚಿನ ಬಾಗಿಲಿಗೆ ಅಂಟಿಸಿ. (ಕೇರಿಯಿಂದ ಕನ್ಯಾಮಠಕ್ಕೆ ಹೋದ ಅಕ್ಕಂದಿರ ಮಾತು ಇದಕ್ಕಿಂತ ಉದ್ದ, ಅದನ್ನು ಅವರೇ ಬರೆಯಬೇಕು.)

ಹಳ್ಳಿ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಹತ್ತನೇ ಕ್ಲಾಸಿನ ಜಾಣ ಹುಡುಗನನ್ನು ಹುಡುಕಿಕೊಂಡು ಗುರುಮಠದವರು ನಿಮ್ಮ ಶಾಲೆಗೆ ಬಂದಾಗ ಈ ಲೆಕ್ಕವನ್ನು ನೀವೂ ಕೇಳಿ. ಅವ್ವನ ಪಕ್ಕ ಕೂತು ಕೇಳಿ.

ನಮ್ಮ ಹುಡುಗ ಈಗ ಹಳೇಬೀಡಿನಲ್ಲಿದ್ದಾನೆ. ಹೊಯ್ಸಳೇಶ್ವರನ ಗುಡಿಯ ಮುಂದೆ ಫ್ರಾನ್ಸಿನಿಂದ, ಇಟಲಿಯಿಂದ ಬಂದವರಿಗೆ ಒಳ್ಳೆ ಇಂಗ್ಲಿಷಿನಲ್ಲಿ ಕಲ್ಲು ತೋರಿಸುತ್ತಾನೆ. ಹೋದ ತಿಂಗಳು ಮಾರಮ್ಮನ ಹಬ್ಬಕ್ಕೆ ಬಂದಿದ್ದ. ತಮಟೆ ಕೈಗೆ ಕೊಟ್ಟೆವು. ಬೆಂಕಿಗೆ ಹಿಡಿದು ಕಾಯಿಸಿದ, ಬೆರಳಿನಿಂದ ತಟ್ಟಿ ನೋಡಿದ, ‘ಮರ್ತೋಗದೆ ಕಣ್ರಲಾ’ ಅಂದ. ಆಮೇಲೆ ಕೈ ಬಿತ್ತು.